ಕೇಳಿ, ಹೇಳ್ತೇವೆ: ಸಾಲಿನ ಕೊನೇಲಿ ಕೂತಿರೋ ಕಾಣದ ಅಕ್ಷರ

ಈ ಸಲ ಬಂದ ಪ್ರಶ್ನೆಗಳನ್ನ ಟೇಬಲ್ ಮೇಲೆ ಹರವಿಕೊಂಡು ಕೂತಾಗ ಒಂದು ವಿಷಯ ಕಾಣ್ತು. ಶಿರಸಿಯಿಂದ ಅಡಿಕೆ ಲೆಕ್ಕ, ಕಾರವಾರದಿಂದ ಕಾಲೇಜ್ ಪ್ರಾಜೆಕ್ಟು, ಅಂಕೋಲಾದಿಂದ ಹಾಡಿನ ಫೈಲು, ಎಲ್ಲರ ತೊಂದರೆ ಬೇರೆ ಬೇರೆ ಅನ್ಸಿದ್ರೂ ಬೇರು ಒಂದೇ: ಟೆಕ್ಸ್ಟ್ ಫೈಲಲ್ಲಿ ನಾವು ಎಂಟರ್ ಒತ್ತಿದಾಗ ಒಳಗೆ ಎಂತ ಬಿತ್ತು ಅನ್ನೋದು. ಹಾಗಾಗಿ ಈ ತಿಂಗಳ ಜಾಗ ಪೂರ್ತಿ ಅದಕ್ಕೇ.

ಪ್ರಶ್ನೆ: ನಮ್ಮನೆ ಅಡಿಕೆ ಲೆಕ್ಕ ನೋಟ್‌ಪ್ಯಾಡಲ್ಲಿ ಬರೆದಿಡ್ತೇನೆ, ಒಂದೊಂದು ಸಾಲಲ್ಲಿ ತಾರೀಖು, ತೂಕ, ರೇಟು, ಕೊನೆಗೆ ಜಾತಿ (ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಹೀಗೆ), ನಡುವೆ ಅಲ್ಪವಿರಾಮ. ಮಗ ಅವನ ಉಬುಂಟು (ಲಿನಕ್ಸಿನ ಒಂದು ಬಗೆ) ಲ್ಯಾಪ್‌ಟಾಪಲ್ಲಿ ಆಕ್ ಅನ್ನೋ ಟೂಲ್ ಬಳಸಿ ಚಾಲಿ ಎಷ್ಟು, ರಾಶಿ ಎಷ್ಟು ಅಂತ ಕೂಡಿಸೋ ಸಣ್ಣ ಪ್ರೋಗ್ರಾಮ್ ಮಾಡಿದ್ದಾನೆ. ಫೈಲಲ್ಲಿ ಚಾಲಿಯದ್ದು ನಲವತ್ತು ಸಾಲು ಇದ್ರೂ ಲೆಕ್ಕಕ್ಕೆ ಬಂದದ್ದು ಒಂದೇ ಒಂದು, ಅದೂ ಫೈಲಿನ ಕೊನೇ ಸಾಲು. ಚಾಲಿ ಅನ್ನೋ ಶಬ್ದ ಅಳಿಸಿ ಮತ್ತೆ ಟೈಪ್ ಮಾಡಿದ್ರೂ ಅಷ್ಟೇ. ಕನ್ನಡ ಕೀಬೋರ್ಡಿನ ದೋಷವಾ? (ಶಿರಸಿ ಹತ್ತಿರದ ಕೃಷಿಕರು)

ಉತ್ತರ: ಕೀಬೋರ್ಡಿಂದು ಏನೂ ತಪ್ಪಿಲ್ಲ. ಮತ್ತೆ, ನೀವು "ಕೊನೇ ಸಾಲು ಮಾತ್ರ ಬಂತು" ಅಂತ ಬರೆದಿರಲ್ಲ, ಆ ಒಂದು ಮಾತಲ್ಲೇ ಪೂರಾ ಉತ್ತರ ಇದೆ, ಅದನ್ನ ಗಮನಿಸಿ ಬರೆದದ್ದು ತುಂಬ ಒಳ್ಳೇದಾಯ್ತು.

ವಿಂಡೋಸ್‌ನಲ್ಲಿ ಎಂಟರ್ ಒತ್ತಿದ್ರೆ ಫೈಲಿನೊಳಗೆ ಎರಡು ಅಕ್ಷರ ಬೀಳ್ತದೆ. ಮೊದಲನೇದು 13ನೇ ನಂಬರಿನ ಕ್ಯಾರೇಜ್ ರಿಟರ್ನ್, ಎರಡನೇದು 10ನೇ ನಂಬರಿನ ಲೈನ್ ಫೀಡ್. ಲಿನಕ್ಸ್, ಈಗಿನ ಮ್ಯಾಕ್ ಇವೆರಡೂ 10 ಒಂದನ್ನೇ ಹಾಕ್ತವೆ, ಓದುವಾಗಲೂ 10 ಸಿಕ್ಕಿದ ಕೂಡ್ಲೇ ಸಾಲು ಮುಗೀತು ಅಂತ ತಿಳೀತವೆ. ಈಗ ಮಗನ ಪ್ರೋಗ್ರಾಮ್ ನಿಮ್ಮ ಸಾಲು ಓದಿದಾಗ ಎಂತ ಆಗ್ತದೆ ನೋಡಿ, ಅದು 10ನ್ನ ತೆಗೆದಿಡ್ತದೆ, 13 ಅಲ್ಲೇ ಉಳೀತದೆ, ಉಳಿದದ್ದು ಕೊನೇ ಕಾಲಮಿಗೆ ಅಂಟಿಕೊಳ್ತದೆ. ನಿಮ್ಮ ಕಣ್ಣಿಗೆ ಕಾಣೋ ಚಾಲಿ ಕಂಪ್ಯೂಟರಿಗೆ ನಾಲ್ಕು ಅಕ್ಷರ, ಚ, ಅದರ ದೀರ್ಘ, ಲ, ಅದರ ಗುಡಿಸು, ಅಕ್ಷರಗಳನ್ನ ಬೈಟುಗಳಾಗಿ ಬರೆದಿಡೋ ಕ್ರಮವಾದ ಯುಟಿಎಫ್ 8ರಲ್ಲಿ ಲೆಕ್ಕ ಹಾಕಿದ್ರೆ 12 ಬೈಟು. ಪ್ರೋಗ್ರಾಮ್ ಕೈಗೆ ಸಿಕ್ಕಿದ ಚಾಲಿಯಲ್ಲಿ ಅಂಟಿಕೊಂಡದ್ದೂ ಸೇರಿ ಒಂದು ಹೆಚ್ಚು, ಒಟ್ಟು 13 ಬೈಟು ಇದೆ. ಎರಡೂ ಸಮ ಅಲ್ಲ, ಹಾಗಾಗಿ ಕೂಡಿಸಲಿಲ್ಲ. ಕೊನೇ ಸಾಲು ಬರೆದ ಮೇಲೆ ನೀವು ಎಂಟರ್ ಒತ್ತದೇ ಸೇವ್ ಮಾಡಿದ್ರಿ ಕಾಣ್ತದೆ, ಅದರ ಬಾಲಕ್ಕೆ ಏನೂ ಅಂಟಲಿಲ್ಲ, ಅದೊಂದೇ ಶುದ್ಧ ಚಾಲಿ.

ಇದನ್ನ ಕಣ್ಣಾರೆ ನೋಡ್ಬೇಕು ಅಂದ್ರೆ ಮಗನ ಹತ್ರ ಆ ಕೊನೇ ಕಾಲಮನ್ನ ಚೌಕ ಕಂಸದೊಳಗೆ ಪ್ರಿಂಟ್ ಮಾಡಿಸಿ. ಸರಿ ಇದ್ದ ಸಾಲಿಗೆ [ಚಾಲಿ] ಅಂತ ಬರ್ತದೆ. ಕೆಟ್ಟ ಸಾಲಿಗೆ ]ಚಾಲಿ ಅಂತ ಬರ್ತದೆ, ಎಂತಕ್ಕೆ ಅಂದ್ರೆ 13 ಅಂದ್ರೆ "ಸಾಲಿನ ಶುರುವಿಗೆ ವಾಪಸ್ ಹೋಗು" ಅಂತ ಅರ್ಥ, ಟರ್ಮಿನಲ್ ಹೇಳಿದ ಹಾಗೆ ಕೇಳಿ ಶುರುವಿಗೆ ಹೋಗಿ ಮುಚ್ಚೋ ಕಂಸವನ್ನ ತೆರೆಯೋ ಕಂಸದ ಮೇಲೇ ಬರೆದುಬಿಡ್ತದೆ. ಇನ್ನೊಂದು ದಾರಿ ಕ್ಯಾಟ್ ಕಮಾಂಡಿಗೆ ದೊಡ್ಡ ಎ ಆಪ್ಷನ್ ಕೊಡೋದು, ಅದರಲ್ಲಿ ಕನ್ನಡ ಅಕ್ಷರ ಎಲ್ಲ ಎಮ್ ಮತ್ತು ಅಡ್ಡಗೆರೆ ಸೇರಿ ವಿಚಿತ್ರವಾಗಿ ಕಾಣ್ತದೆ, ಫೈಲ್ ಹಾಳಾಯ್ತು ಅಂತ ಹೆದರ್ಬೇಡಿ, ಸಾಲಿನ ಕೊನೆ ಮಾತ್ರ ನೋಡಿ. ಬರೀ ಡಾಲರ್ ಇದ್ರೆ ಲಿನಕ್ಸ್ ಸಾಲು, ಕ್ಯಾರೆಟ್ ಎಮ್ ಆಮೇಲೆ ಡಾಲರ್ ಇದ್ರೆ ವಿಂಡೋಸ್ ಸಾಲು. ಫೈಲ್ ಅನ್ನೋ ಹೆಸರಿನ ಕಮಾಂಡೇ ಒಂದು ಇದೆ, ಅದೂ ಬಾಯಿಬಿಟ್ಟು ಹೇಳ್ತದೆ, ಸಿಆರ್‌ಎಲ್‌ಎಫ್ ಲೈನ್ ಟರ್ಮಿನೇಟರ್ಸ್ ಇದೆ ಅಂತ (ಸಿಆರ್ ಅಂದ್ರೆ 13, ಎಲ್‌ಎಫ್ ಅಂದ್ರೆ 10).

ಸರಿ ಮಾಡೋದಕ್ಕೆ ಡಾಸ್‌ಟುಯುನಿಕ್ಸ್ ಅಂತ ಸಣ್ಣ ಟೂಲ್ ಇದೆ, ಫೈಲ್ ಹೆಸರು ಕೊಟ್ರೆ ಆಯ್ತು. ಆದ್ರೆ ನೀವು ದಿನಾ ವಿಂಡೋಸಲ್ಲೇ ಬರೆಯೋರು, ಪ್ರತಿ ಸಲ ಪರಿವರ್ತನೆ ಮಾಡಿ ಕೊಡಿ ಅಂದ್ರೆ ಒಂದಿನ ಮರೆತೇ ಮರೀತೀರಿ, ಹಾಗಾಗಿ ಮಗನ ಪ್ರೋಗ್ರಾಮಲ್ಲೇ ಪ್ರತಿ ಸಾಲಿನ ಬಾಲದಿಂದ ಬ್ಯಾಕ್‌ಸ್ಲ್ಯಾಶ್ ಆರ್ (ಪ್ರೋಗ್ರಾಮಲ್ಲಿ 13ನ್ನ ಬರೆಯೋ ರೀತಿ) ತೆಗೆಯೋ ಒಂದು ಸಾಲು ಸೇರಿಸಿಬಿಡೋದು ನನ್ನ ಪ್ರಕಾರ ಒಳ್ಳೇದು. ಇದ್ರೆ ತೆಗೀತದೆ, ಇಲ್ಲದಿದ್ರೆ ಸುಮ್ಮನಿರ್ತದೆ.

ಕೀಬೋರ್ಡ್ ಮೇಲಿನ ನಿಮ್ಮ ಅನುಮಾನ ಮಾತ್ರ ಪೂರ್ತಿ ಆಧಾರ ಇಲ್ಲದ್ದಲ್ಲ. "ಫಾರ್ಮ್‌ಗೆ" ಅಂತ ಒತ್ತು ಬರದ ಹಾಗೆ ಬರೀಬೇಕಾದಾಗ ಕನ್ನಡದಲ್ಲಿ ಒಂದು ಕಾಣದ ಅಕ್ಷರ ನಡುವೆ ಬೀಳ್ತದೆ, ಅದರಿಂದಲೂ ಒಂದೇ ಥರ ಕಾಣೋ ಎರಡು ಶಬ್ದ ಹೊಂದದೇ ಹೋಗ್ತವೆ. ಚಾಲಿ ಅನ್ನೋದರಲ್ಲಿ ಅದಕ್ಕೆ ಜಾಗವೇ ಇಲ್ಲ, ಆದ್ರೆ ಬೇರೆ ಶಬ್ದಕ್ಕೆ ಹೀಗಾದ್ರೆ ಅದನ್ನೂ ನೋಡಿ.

ಪ್ರಶ್ನೆ: ವಿಂಡೋಸಲ್ಲಿ ಬರೆದ ಶೆಲ್ ಸ್ಕ್ರಿಪ್ಟನ್ನ ಕಾಲೇಜಿನ ಲಿನಕ್ಸ್ ಸರ್ವರಲ್ಲಿ ಓಡಿಸಿದ್ರೆ "ಬ್ಯಾಡ್ ಇಂಟರ್‌ಪ್ರಿಟರ್, ನೋ ಸಚ್ ಫೈಲ್ ಆರ್ ಡೈರೆಕ್ಟರಿ" ಅಂತ ಬರ್ತದೆ. ಸ್ಕ್ರಿಪ್ಟ್ ಓಡಿಸೋ ಬ್ಯಾಶ್ ಇದೆ, ಫೈಲೂ ಅಲ್ಲೇ ಇದೆ! (ಎಂಜಿನಿಯರಿಂಗ್ ವಿದ್ಯಾರ್ಥಿನಿ, ಕಾರವಾರ)

ಉತ್ತರ: ಆ ಎರರ್ ಸುಳ್ಳು ಹೇಳ್ತಾ ಇಲ್ಲ. ಸ್ಕ್ರಿಪ್ಟಿನ ಮೊದಲ ಸಾಲಲ್ಲಿ ಹ್ಯಾಶ್, ಆಶ್ಚರ್ಯಸೂಚಕ ಆದ ಮೇಲೆ ಬರೆದಿರೋದನ್ನ ಲಿನಕ್ಸ್ ಕರ್ನಲ್ 10 ಸಿಗೋವರೆಗೂ ಓದ್ತದೆ, ಆಗ ಅದಕ್ಕೆ ಸಿಗೋ ಹೆಸರು ಬ್ಯಾಶ್ ಅಲ್ಲ, "ಬ್ಯಾಶ್ ಜೊತೆಗೊಂದು 13". ಆ ಹೆಸರಿನ ಪ್ರೋಗ್ರಾಮ್ ಜಗತ್ತಲ್ಲಿ ಎಲ್ಲೂ ಇಲ್ಲ, ಇಲ್ಲ ಅಂತಲೇ ಅದು ಹೇಳ್ತು. ವಿಎಸ್ ಕೋಡಲ್ಲಿ ಫೈಲ್ ತೆರೆದು ಕೆಳಗೆ ಬಲಮೂಲೆ ನೋಡಿ, ಸಿಆರ್‌ಎಲ್‌ಎಫ್ ಅಂತ ಇರ್ತದೆ, ಅದರ ಮೇಲೆ ಒತ್ತಿ ಎಲ್‌ಎಫ್ ಆರಿಸಿ ಸೇವ್ ಮಾಡಿ ಮತ್ತೆ ಕಳಿಸಿ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ಎಡಿಟ್ ಮೆನುವಿನೊಳಗೆ ಇಒಎಲ್ ಕನ್ವರ್ಶನ್ ಅಂತ ಇದೆ (ಇಒಎಲ್ ಅಂದ್ರೆ ಸಾಲಿನ ಕೊನೆ).

ಇದಕ್ಕಿಂತ ಕೆಟ್ಟದ್ದು ಒಂದಿದೆ, ಅದನ್ನ ಹೇಳಲೇಬೇಕು. ಕೆಲವರು ಈ ಎರರ್ ಬಂತು ಅಂತ ಸ್ಕ್ರಿಪ್ಟನ್ನ ನೇರ ಬ್ಯಾಶಿಗೇ ಕೊಟ್ಟು ಓಡಿಸ್ತಾರೆ, ಆಗ ಮೊದಲ ಸಾಲು ಕಾಮೆಂಟ್ ಆಗಿ ದಾಟಿಹೋಗ್ತದೆ, ಆದ್ರೆ ಒಳಗಿನ ಪ್ರತಿ ಸಾಲಿಗೂ 13 ಅಂಟಿಕೊಂಡೇ ಇರ್ತದಲ್ಲ, ಫೋಲ್ಡರ್ ಮಾಡು ಅಂದ್ರೆ ಹೆಸರಿನ ಕೊನೇಲಿ 13 ಇರೋ ಫೋಲ್ಡರ್ ಮಾಡ್ತದೆ, ಲಾಗ್ ಫೈಲಿಗೆ ಬರಿ ಅಂದ್ರೆ ಹೆಸರಿನ ಕೊನೇಲಿ 13 ಇರೋ ಲಾಗ್ ಫೈಲ್ ಹುಟ್ತದೆ. ಆಮೇಲೆ ಲಿಸ್ಟ್ ನೋಡಿದ್ರೆ ಕೆಲವು ಸಲ ಒಂದೇ ಹೆಸರಿನ ಎರಡು ಫೈಲ್ ಇದ್ದ ಹಾಗೆ ಕಾಣ್ತದೆ, ಒಂದು ಅಳಿಸೋಕೆ ಹೋಗಿ ಇನ್ನೊಂದು ಅಳಿಸಿ ಕೂತವರಿದ್ದಾರೆ. ನಿಮಗೂ ಅಂಥದ್ದು ಹುಟ್ಟಿದ್ರೆ ಹೆಸರನ್ನ ಕೈಯಲ್ಲಿ ಟೈಪ್ ಮಾಡ್ಬೇಡಿ, ಆರ್‌ಎಮ್ ಕಮಾಂಡಿಗೆ ಸಣ್ಣ ಐ ಆಪ್ಷನ್ ಕೊಟ್ಟು, ಹೆಸರಿನ ಶುರು ಬರೆದು ನಕ್ಷತ್ರ ಹಾಕಿ, ಅದು ಒಂದೊಂದಕ್ಕೂ ಅಳಿಸ್ಲಾ ಅಂತ ಕೇಳ್ತದೆ, ನೋಡಿ ಹೂಂ ಅನ್ನಿ.

ಪ್ರಶ್ನೆ: ಸಾಲು ಮುಗೀತು ಅನ್ನೋದಕ್ಕೆ ಎರಡು ಅಕ್ಷರ ಎಂತಕ್ಕೆ ಬೇಕಿತ್ತು? ಯಾರು ಶುರು ಮಾಡಿದ್ದು? (ನಿವೃತ್ತ ಶಿಕ್ಷಕರು, ಕುಮಟಾ)

ಉತ್ತರ: ಸರ್, ನಿಮ್ಮ ಕಾಲದವರಿಗೆ ಇದು ನಮಗಿಂತ ಬೇಗ ಅರ್ಥ ಆಗ್ತದೆ. ಕೋರ್ಟಿನ ಆವಾರದಲ್ಲಿ ಟೈಪಿಸ್ಟರು ಕೂತಿರ್ತಿದ್ರಲ್ಲ, ಸಾಲು ಮುಗೀತಾ ಬಂದ ಹಾಗೆ ಟಿಣ್ ಅಂತ ಗಂಟೆ, ಆಗ ಎಡಗೈಯಿಂದ ಆ ಲಿವರ್ ದೂಡ್ತಿದ್ರು. ಆ ಒಂದು ದೂಡುವಿಕೆಯಲ್ಲಿ ಎರಡು ಕೆಲಸ ಆಗ್ತಿತ್ತು, ರೋಲರ್ ತಿರುಗಿ ಹಾಳೆ ಒಂದು ಸಾಲು ಮೇಲೆ ಬರ್ತಿತ್ತು, ಗಾಡಿ ಪೂರಾ ಸರಿದು ಸಾಲಿನ ಶುರುವಿಗೆ ಬರ್ತಿತ್ತು. ಹಾಳೆ ಮೇಲೆ ಬರೋದು ಲೈನ್ ಫೀಡ್, ಗಾಡಿ ವಾಪಸ್ ಬರೋದು ಕ್ಯಾರೇಜ್ ರಿಟರ್ನ್.

ಟೆಲಿಪ್ರಿಂಟರಿನಲ್ಲಿ ಈ ಎರಡನ್ನೂ ಬೇರೆ ಬೇರೆ ಸಂಕೇತ ಮಾಡಿದ್ರು, ಅದು ಬೇಕಾಗಿಯೇ ಮಾಡಿದ್ದು. ಗಾಡಿ ಮಾತ್ರ ವಾಪಸ್ ತಂದು ಹಾಳೆ ಸರಿಸದಿದ್ರೆ ಬರೆದದ್ದರ ಮೇಲೇ ಇನ್ನೊಮ್ಮೆ ಹೊಡೆದು ಅಕ್ಷರ ದಪ್ಪ ಮಾಡ್ಬಹುದು, ಅಡಿಗೆರೆ ಎಳೀಬಹುದು. 1963ರಲ್ಲಿ ಆಸ್ಕಿ ಸಂಕೇತಪಟ್ಟಿ ಬಂದಾಗ ಎರಡಕ್ಕೂ ಜಾಗ ಸಿಕ್ತು, ಅದೇ ಹೊತ್ತಿಗೆ ಬಂದ ಮಾಡೆಲ್ 33 ಟೆಲಿಟೈಪ್ ಅನ್ನೋ ಯಂತ್ರ ಆಮೇಲೆ ಎಷ್ಟೋ ಕಂಪ್ಯೂಟರಿಗೆ ಟರ್ಮಿನಲ್ ಆಯ್ತು. ಅದು ಸೆಕೆಂಡಿಗೆ 10 ಅಕ್ಷರ ಹೊಡೀತಿತ್ತು. ಆದ್ರೆ ಬಲತುದಿಯಿಂದ ಎಡತುದಿಗೆ ವಾಪಸ್ ಬರೋಕೆ ಒಂದು ಅಕ್ಷರದ ಹೊತ್ತು, ಅಂದ್ರೆ ಸೆಕೆಂಡಿನ ಹತ್ತನೇ ಒಂದು ಭಾಗ, ಸಾಕಾಗ್ತಿರಲಿಲ್ಲ. ಹಾಗಾಗಿ ಮೊದಲು 13 ಕಳಿಸಿ ಗಾಡಿ ಹೊರಡಿಸೋದು, ಅದು ಓಡ್ತಾ ಇರುವಾಗಲೇ 10 ಕಳಿಸಿ ಹಾಳೆ ಸರಿಸೋದು. ಇವತ್ತಿಗೂ 13 ಮೊದಲು, 10 ಆಮೇಲೆ ಅನ್ನೋ ಕ್ರಮ ಉಳಿದಿರೋದು ಆ ಕಬ್ಬಿಣದ ಗಾಡಿಗೆ ಹೊತ್ತು ಕೊಡೋಕೆ ಅಂತ ನೆನೆಸಿಕೊಂಡ್ರೆ ನನಗೆ ಈಗಲೂ ಮೈ ಝುಂ ಅಂತದೆ.

ಮುಂದೆ ದಾರಿ ಕವಲೊಡೀತು. ಮಲ್ಟಿಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮ್ ಮಾಡಿದವರು ಫೈಲೊಳಗೆ 10 ಒಂದೇ ಸಾಕು, ಯಂತ್ರಕ್ಕೆ ಎಂತ ಬೇಕೋ ಅದನ್ನ ಡ್ರೈವರ್ ಸೇರಿಸಿಕೊಳ್ಳಲಿ ಅಂದ್ರು, 1969ರಲ್ಲಿ ಶುರುವಾದ ಯುನಿಕ್ಸ್ ಅದನ್ನೇ ಹಿಡೀತು, ಲಿನಕ್ಸಿಗೆ ಅಲ್ಲಿಂದ ಬಂತು. ಸಿಪಿಎಮ್ ಅನ್ನೋ ಸಿಸ್ಟಮ್ ಎರಡನ್ನೂ ಇಟ್ಕೊಂಡಿತ್ತು, 1981ರ ಡಾಸ್ ಅದರ ದಾರಿ ಹಿಡೀತು, ವಿಂಡೋಸ್ ಡಾಸಿನ ದಾರಿ. ಹಳೇ ಮ್ಯಾಕ್ ಬರೀ 13 ಇಟ್ಟಿತ್ತು, 2001ರಲ್ಲಿ ಬಂದ ಒಎಸ್ ಟೆನ್ ಯುನಿಕ್ಸ್ ಅಡಿಪಾಯದ್ದಾದ್ದರಿಂದ 10ಕ್ಕೆ ಬಂತು. ಇಮೇಲು ಸರ್ವರಿಂದ ಸರ್ವರಿಗೆ ಹೋಗುವಾಗ, ಬ್ರೌಸರ್ ವೆಬ್‌ಸೈಟಿಗೆ ಕಳಿಸೋ ಎಚ್‌ಟಿಟಿಪಿ 1.1 ಹೆಡರ್‌ಗಳಲ್ಲಿ, ಇಲ್ಲೆಲ್ಲ ನಿಯಮ ಇವತ್ತಿಗೂ 13 ಮತ್ತು 10 ಜೋಡಿಯದ್ದೇ. ಹಾಗಾಗಿ ವಿಂಡೋಸ್ ಮಾತ್ರ ಹಳೇ ಕಾಲದಲ್ಲಿ ಉಳೀತು ಅಂತ ಬೈಯೋದು ನ್ಯಾಯ ಅಲ್ಲ.

ಪ್ರಶ್ನೆ: ಪೈಥಾನಲ್ಲಿ ಸಿಎಸ್‌ವಿ (ಕಾಲಮುಗಳ ನಡುವೆ ಅಲ್ಪವಿರಾಮ ಇರೋ ಫೈಲ್) ಬರೆದ್ರೆ ಎಕ್ಸೆಲಲ್ಲಿ ಒಂದು ಬಿಟ್ಟು ಒಂದು ಸಾಲು ಖಾಲಿ. (ಹೊನ್ನಾವರ)

ಉತ್ತರ: ಫೈಲ್ ಓಪನ್ ಮಾಡುವಾಗ ನ್ಯೂಲೈನ್ ಅನ್ನೋ ಆರ್ಗ್ಯುಮೆಂಟಿಗೆ ಖಾಲಿ ಸ್ಟ್ರಿಂಗ್ ಕೊಡಿ, ಹೋಗ್ತದೆ. ಸಿಎಸ್‌ವಿ ಮಾಡ್ಯೂಲ್ ತಾನೇ 13, 10 ಬರೀತದೆ, ವಿಂಡೋಸಲ್ಲಿ ಪೈಥಾನ್ ಆ 10ನ್ನ ಕಂಡು ಇನ್ನೊಂದು 13 ಸೇರಿಸ್ತದೆ, 13, 13, 10 ಆಗಿ ಎಕ್ಸೆಲಿಗೆ ಎರಡು ಸಾಲು ಕಾಣ್ತದೆ.

ಪ್ರಶ್ನೆ: ನಾವು ಮೂವರು ಸೇರಿ ಒಂದು ಸಾಫ್ಟ್‌ವೇರ್ ಮಾಡ್ತಾ ಇದ್ದೇವೆ, ಇಬ್ಬರದ್ದು ವಿಂಡೋಸ್, ಒಬ್ಬಳದ್ದು ಮ್ಯಾಕ್. ಒಂದು ಸಾಲು ತಿದ್ದಿದ್ರೆ, ಬದಲಾವಣೆ ದಾಖಲಿಸಿಡೋ ಗಿಟ್ ಇಡೀ ಫೈಲ್ ಬದಲಾಗಿದೆ ಅಂತದೆ, ಯಾರು ಎಂತ ಬದಲಿಸಿದ್ರು ಅಂತ ಗೊತ್ತೇ ಆಗೋದಿಲ್ಲ, ದಿನಾ ಜಗಳ. (ಕಾರವಾರ)

ಉತ್ತರ: ಜಗಳ ನಿಲ್ಲಿಸಿ, ತಪ್ಪು ನಿಮ್ಮ ಮೂವರಲ್ಲಿ ಯಾರದ್ದೂ ಅಲ್ಲ. ಒಬ್ಬರ ಎಡಿಟರ್ ಫೈಲ್ ಸೇವ್ ಮಾಡುವಾಗ ಎಲ್ಲ ಸಾಲಿನ ಬಾಲ ಬದಲಿಸಿದೆ, ಗಿಟ್ ಬೈಟ್ ನೋಡೋದ್ರಿಂದ ಅದಕ್ಕೆ ಎಲ್ಲ ಸಾಲೂ ಹೊಸದೇ. ಸಾಮಾನ್ಯವಾಗಿ ಇದಕ್ಕೆ ಆಟೋಸಿಆರ್‌ಎಲ್‌ಎಫ್ ಅನ್ನೋ ಸೆಟ್ಟಿಂಗ್ ಹೇಳ್ತಾರೆ, ಗಿಟ್ ವಿಂಡೋಸಲ್ಲಿ ಇನ್‌ಸ್ಟಾಲ್ ಆಗುವಾಗ ಕೇಳೋದೂ ಅದನ್ನೇ, ಆದ್ರೆ ಅದು ಒಬ್ಬೊಬ್ಬರ ಮಷೀನಿನ ಮಾತು, ಒಬ್ಬರು ಆನ್ ಇಟ್ಟು ಇನ್ನೊಬ್ಬರು ಆಫ್ ಇಟ್ರೆ ಇದೇ ಗತಿ. ನಾನು ಖಡಾಖಂಡಿತ ಹೇಳೋದು, ತೀರ್ಮಾನ ಪ್ರಾಜೆಕ್ಟಿನ ಜೊತೆಗೇ ಹೋಗ್ಬೇಕು. ಅದಕ್ಕೆ ಡಾಟ್ ಗಿಟ್‌ಆಟ್ರಿಬ್ಯೂಟ್ಸ್ ಅನ್ನೋ ಫೈಲ್ ಪ್ರಾಜೆಕ್ಟಿನ ಬುಡದಲ್ಲಿ ಇಡಿ, ಅದರಲ್ಲಿ ಮೊದಲ ಸಾಲು ನಕ್ಷತ್ರ, ಒಂದು ಸ್ಪೇಸು, ಟೆಕ್ಸ್ಟ್ ಈಕ್ವಲ್ ಆಟೋ. ಆಗ ರೆಪೊಸಿಟರಿ (ಗಿಟ್ಟಿನ ಸಂಗ್ರಹ) ಒಳಗೆ ಯಾವಾಗ್ಲೂ ಎಲ್‌ಎಫ್ ಇರ್ತದೆ, ಯಾರು ಎಲ್ಲಿಂದ ಕಮಿಟ್ ಮಾಡಿದ್ರೂ. ಶೆಲ್ ಸ್ಕ್ರಿಪ್ಟಿಗೆ ಇನ್ನೊಂದು ಸಾಲು ಬರೆದು ಇಒಎಲ್ ಈಕ್ವಲ್ ಎಲ್‌ಎಫ್ ಅಂತ ಕಟ್ಟಿಹಾಕಿ, ವಿಂಡೋಸಿನ ಬ್ಯಾಚ್ ಫೈಲಿಗೆ ಸಿಆರ್‌ಎಲ್‌ಎಫ್ ಅಂತ. ಆಮೇಲೆ ಗಿಟ್ ಆ್ಯಡ್ ಕಮಾಂಡಿಗೆ ರೀನಾರ್ಮಲೈಜ್ ಆಪ್ಷನ್ ಕೊಟ್ಟು ಹಳೇ ಫೈಲೆಲ್ಲ ಒಮ್ಮೆ ಸರಿ ಮಾಡಿ, ಅದನ್ನ ಬೇರೇನೂ ಬೆರೆಸದೇ ಒಂದೇ ಕಮಿಟ್ ಮಾಡಿ, ಮಾಡೋ ಮೊದಲು ಉಳಿದಿಬ್ಬರ ಅರ್ಧ ಕೆಲಸ ಎಲ್ಲ ಒಳಗೆ ಬಂದಿರಲಿ, ಇಲ್ಲದಿದ್ರೆ ಮರ್ಜ್ ಮಾಡುವಾಗ ಅಳು ಬರ್ತದೆ.

ಫೋಟೋ, ಐಕಾನ್ ಅಂಥದ್ದಕ್ಕೆ ಮಾತ್ರ ಬೈನರಿ ಅಂತ ಸ್ಪಷ್ಟ ಬರೆದಿಡಿ. ಇದನ್ನ ಒತ್ತಿ ಹೇಳೋಕೆ ಕಾರಣ ಇದೆ. ಸುಮಾರು ವರ್ಷದ ಹಿಂದೆ ಶಿರಸಿ ಮಾರಿಕಾಂಬಾ ಜಾತ್ರೆಯ ಫೋಟೋಗಳನ್ನ ನಾನು ಫೈಲ್ ಕಳಿಸೋ ವಿಂಡೋಸಿನ ಕಮಾಂಡ್ ಲೈನ್ ಎಫ್‌ಟಿಪಿಯಿಂದ ಲಿನಕ್ಸ್ ಸರ್ವರಿಗೆ ಹಾಕಿದ್ದೆ, ರಾತ್ರಿ ಪೂರಾ ಕೂತು. ಅದು ಹೇಳದೇ ಬಿಟ್ರೆ ಆಸ್ಕಿ ಮೋಡಲ್ಲೇ ಕಳಿಸ್ತದೆ, ಅಂದ್ರೆ ಎಲ್ಲಿ 13, 10 ಜೋಡಿ ಕಂಡ್ರೂ ಆ ಕಡೆಯ ಸರ್ವರ್ 13ನ್ನ ಉದುರಿಸ್ತದೆ, ಫೋಟೋ ಅನ್ನೋದು ಅದಕ್ಕೆ ಗೊತ್ತಿಲ್ಲ. ಲೆಕ್ಕ ಹಾಕಿದ್ರೆ 2 ಎಂಬಿಯ ಫೋಟೋದಲ್ಲಿ ಆಕಸ್ಮಿಕವಾಗಿ ಅಂಥ ಜೋಡಿ ಸುಮಾರು 30 ಸಿಗ್ತದೆ, ಅಷ್ಟೇ ಬೈಟ್ ಹೋದದ್ದು, ಆದ್ರೆ ಬೆಳಿಗ್ಗೆ ತೆರೆದು ನೋಡಿದ್ರೆ ದೇವಿಯ ರಥ ಮೇಲಿನ ಅರ್ಧ ಸರಿ, ಕೆಳಗೆ ಬರೀ ಬಣ್ಣದ ಪಟ್ಟಿ. ಮೆಮೊರಿ ಕಾರ್ಡ್ ಅಷ್ಟೊತ್ತಿಗೆ ಖಾಲಿ ಮಾಡಿ ಆಗಿತ್ತು, ಲ್ಯಾಪ್‌ಟಾಪಲ್ಲಿ ಪ್ರತಿ ಇದ್ದದ್ದಕ್ಕೆ ಉಳೀತು.

ಪಿಎನ್‌ಜಿ ಚಿತ್ರ ಮಾಡಿದವರು ಇದನ್ನ ಮೊದಲೇ ಯೋಚಿಸಿದ್ರು, ಪ್ರತಿ ಪಿಎನ್‌ಜಿ ಫೈಲಿನ ಮೊದಲ ಎಂಟು ಬೈಟ್ ಹೀಗಿರ್ತದೆ: 137, 80, 78, 71, 13, 10, 26, 10. ಅದರಲ್ಲಿ 13, 10 ಜೋಡಿ ಒಂದು, ಒಂಟಿ 10 ಇನ್ನೊಂದು, ಬೇಕು ಅಂತಲೇ ಇಟ್ಟದ್ದು. ದಾರಿಯಲ್ಲಿ ಯಾರಾದ್ರೂ ಸಾಲಿನ ಬಾಲ ತಿದ್ದಿದ್ರೆ ಈ ಎರಡರಲ್ಲಿ ಒಂದು ಕೆಡಲೇಬೇಕು, ಚಿತ್ರ ತೆರೆಯೋ ಮೊದಲೇ ಹಾಳಾದದ್ದು ಗೊತ್ತಾಗ್ತದೆ.

ಪ್ರಶ್ನೆ: ಹಾಲಕ್ಕಿ ಅಜ್ಜಿಯಂದಿರ ಹತ್ರ ಕೂತು ಬರ್ಕೊಂಡ ಹಾಡುಗಳನ್ನ ಎಷ್ಟೋ ವರ್ಷದ ಹಿಂದೆ ನೋಟ್‌ಪ್ಯಾಡಲ್ಲಿ ಟೈಪ್ ಮಾಡಿ "ಯುನಿಕೋಡ್" ಅಂತ ಆರಿಸಿ ಸೇವ್ ಮಾಡಿದ್ದೆ. ಈಗ ಲಿನಕ್ಸಿಗೆ ತಂದು, ಟಿಆರ್ ಕಮಾಂಡಲ್ಲಿ ಬ್ಯಾಕ್‌ಸ್ಲ್ಯಾಶ್ ಆರ್ ಅಳಿಸಿದೆ. ಈಗ ಹಾಡಿನ ಒಂದು ಸಾಲು ಸರಿ ಕಾಣ್ತದೆ, ಮುಂದಿನ ಸಾಲು ಚೀನಿ ಅಕ್ಷರ, ಮತ್ತೆ ಒಂದು ಸರಿ, ಮತ್ತೆ ಚೀನಿ. ಮೂಲ ಫೈಲಿನ ಮೇಲೇ ಬರೆದುಬಿಟ್ಟೆ. ಹಾಡು ಹೇಳಿದ ಅಜ್ಜಿ ಈಗ ಇಲ್ಲ. (ಅಂಕೋಲಾ)

ಉತ್ತರ: ಮೊದಲು ಇದನ್ನ ಕೇಳಿ, ಹಾಡು ಹೋಗಲಿಲ್ಲ. ಆ ಫೈಲನ್ನ ಈಗಲೇ ಎರಡು ಕಡೆ ಕಾಪಿ ಮಾಡಿಡಿ, ಆಮೇಲೆ ಮುಂದೆ ಓದಿ.

ಹಳೇ ನೋಟ್‌ಪ್ಯಾಡ್ "ಯುನಿಕೋಡ್" ಅಂದ್ರೆ ಯುಟಿಎಫ್ 16, ಅದರಲ್ಲಿ ಪ್ರತಿ ಕನ್ನಡ ಅಕ್ಷರಕ್ಕೆ ಎರಡೆರಡು ಬೈಟು, ಜೋಡಿ ಜೋಡಿಯಾಗಿ. ಸಾಲಿನ ಕೊನೇದೂ ಹಾಗೇ, 13, 0, 10, 0 ಅಂತ ನಾಲ್ಕು ಬೈಟು. ಟಿಆರ್ ಇದ್ಯಾವುದೂ ತಿಳೀದೇ 13 ಒಂದನ್ನೇ ಕಿತ್ತು 0, 10, 0 ಬಿಡ್ತು. ಮೂರು ಉಳೀತು, ಜೋಡಿ ತಪ್ತು, ಮುಂದಿನ ಸಾಲಿನ ಪ್ರತಿ ಅಕ್ಷರದ ಅರ್ಧ ಪಕ್ಕದ ಅಕ್ಷರದ ಅರ್ಧಕ್ಕೆ ಸೇರಿ ಚೀನಿ, ಕೊರಿಯನ್ ಅಂತ ಕಾಣ್ತು. ಆ ಸಾಲಿನ ಕೊನೇಲಿ ಇನ್ನೊಂದು 13 ಹೋದಾಗ ಜೋಡಿ ತಿರುಗಿ ಸರಿ ಬಂತು. ಅದಕ್ಕೇ ಒಂದು ಬಿಟ್ಟು ಒಂದು. ಯುಟಿಎಫ್ 16ರಲ್ಲಿ ಕನ್ನಡ ಅಕ್ಷರದ ಜೋಡಿಯಲ್ಲಿ ಒಂದು ಬೈಟ್ ಯಾವಾಗ್ಲೂ 12, ಇನ್ನೊಂದು 128 ಅಥವಾ ಮೇಲೆ, ಹಾಗಾಗಿ ಅಕ್ಷರದೊಳಗಿಂದ ಏನೂ ಕಳೀಲಿಲ್ಲ. ಮಲಯಾಳಂ ಆಗಿದ್ರೆ ಅದರ ಬೈಟೇ 13, ಒಂದೊಂದು ಅಕ್ಷರದ ಅರ್ಧ ಅಳಿಸಿಹೋಗ್ತಿತ್ತು.

ಈಗ ಪೈಥಾನಲ್ಲಿ ಫೈಲನ್ನ ಬೈನರಿ ಮೋಡಲ್ಲಿ ಓದಿ, ಎಲ್ಲೆಲ್ಲಿ 0, 10, 0 ಅನ್ನೋ ಮೂರು ಬೈಟ್ ಸಾಲಾಗಿ ಇದೆಯೋ ಅಲ್ಲೆಲ್ಲ 13, 0, 10, 0 ಹಾಕಿ, ಬೇರೆ ಹೆಸರಿಗೆ ಬೈನರಿಯಲ್ಲೇ ಬರೀರಿ. ಆ ಮೂರರ ಸಾಲು ಕನ್ನಡ ಹಾಡಿನ ಫೈಲಲ್ಲಿ ಸಾಲಿನ ಕೊನೆ ಬಿಟ್ಟು ಬೇರೆಲ್ಲೂ ಬರೋದಿಲ್ಲ. ತೆರೆದು ನೋಡಿ, ಎಲ್ಲ ಸಾಲೂ ಓದೋಕೆ ಬಂದ ಮೇಲೆ ಐಕಾನ್ವ್ ಕಮಾಂಡಿಂದ ಯುಟಿಎಫ್ 8 ಮಾಡಿ, 13 ತೆಗೆಯೋದು ಅದಾದ ಮೇಲೆ. ಯುಟಿಎಫ್ 8ರಲ್ಲಿ ಕನ್ನಡ ಅಕ್ಷರದ ಎಲ್ಲ ಬೈಟೂ 128 ಅಥವಾ ಅದರ ಮೇಲೇ ಇರೋದ್ರಿಂದ ಆಗ ಯಾವ ಟೂಲ್ ಬಳಸಿದ್ರೂ ಅಕ್ಷರಕ್ಕೆ ಏಟು ಬೀಳೋದಿಲ್ಲ.

ಎಲ್ಲಾದ್ರೂ ಸಿಕ್ಕಿಬಿದ್ರೆ ಫೈಲಿನ ಮೊದಲ ನಲವತ್ತು ಬೈಟಿನ ನಂಬರ್ ಬರೆದು ನನಗೆ ಕಳಿಸಿ, ಮುಂದಿನ ಸಂಚಿಕೆಗೆ ಕಾಯೋದು ಬೇಡ, ತಕ್ಷಣ ಉತ್ತರ ಬರೀತೇನೆ.